ಚಳಿಗೆ ಮುಂಚಿನ ಗೊಬ್ಬರ

22 ಸೆಪ್ಟೆಂಬರ್ 2006, ಶುಕ್ರವಾರ

ಬೆಟ್ಟದ ಮೇಲೆ ಬಂದು ಇಂದಿಗೆ ಹದಿನಾರು ದಿನ. ಇಲ್ಲಿ ಕನ್ನಡ ಮಾತಾಡುವವರು ನನ್ನ ಹೊರತು ಒಬ್ಬರೇ. ಅವರೊಡನೆ ಆಡಲಾಗದ ಮಾತುಗಳನ್ನು ಈ ಪುಸ್ತಕದಲ್ಲಿ ಬರೆದಿಡೋಣ ಎನಿಸಿದೆ.

ಕೆಳಗೆ ಮಸ್ಕತ್ತಿನಲ್ಲಿ ಇನ್ನೂ ಅಂಗಿ ಬೆನ್ನಿಗೆ ಅಂಟುವ ಸೆಕೆ. ಇಲ್ಲಿ ಜಬಲ್ ಅಖ್ದರ ಬೆಟ್ಟದ ಮೇಲೆ ಬೆಳಗಿನ ಹೊತ್ತು ಸ್ವೆಟರ್ ಬೇಕು. ಏಳು ವರ್ಷ ಅಲ್ ಅಜೈಬಾದ ನಮ್ಮ ಕಂಪನಿಗಾಗಿ ವಿಲ್ಲಾಗಳ ಮುಂದೆ ಹುಲ್ಲು ಹಾಸಿದವನನ್ನು ಈಗ ಇಲ್ಲಿಗೆ ಹಾಕಿದ್ದಾರೆ. ಮಸ್ಕತ್ತಿನ ದೊಡ್ಡ ಅರಬಾಬ್ (ಧಣಿಗೆ ಇಲ್ಲಿ ಹಾಗೆನ್ನುತ್ತಾರೆ) ಒಬ್ಬರು ಇಲ್ಲಿ ಅತಿಥಿಗೃಹ ಕಟ್ಟಿಸಿದ್ದಾರೆ. ಅವರು ಯಾವುದೋ ಚಳಿದೇಶದ ತೋಟದಲ್ಲಿ ಕಂಡು ಮೆಚ್ಚಿದ ಪೊದೆಗಿಡಗಳನ್ನೇ ಹಡಗಿನಲ್ಲಿ ತರಿಸಿದ್ದಾರೆ. ತೊಂಬತ್ತಾರು ಕುಂಡಗಳು. ಚೆಂಡಿನಂತೆ ಕತ್ತರಿಸಿದ ಸಣ್ಣೆಲೆಯ ಬಾಕ್ಸ್‌ವುಡ್, ಕಿತ್ತಳೆ ಬಣ್ಣದ ಕಾಯಿ ಬಿಡುವ ಮುಳ್ಳುಪೊದೆ, ಮತ್ತೆ ಜುನಿಪರ್. ಹಿಮ ಬಿದ್ದರೂ ಸಾಯದ ಜಾತಿ ಎಂದು ಕಾಗದದಲ್ಲಿ ಬರೆದಿದೆ.

ಜತೆಗಿರುವವರು ಅಂಗಾರಣ್ಣ. ಪುತ್ತೂರಿನ ಕಡೆಯವರು, ನನಗಿಂತ ಹತ್ತು ಹನ್ನೊಂದು ವರ್ಷ ದೊಡ್ಡವರು. ಬಾಗಲಕೋಟೆಯ ನನ್ನ ಕನ್ನಡ ಅವರಿಗೆ ಅರ್ಧ ತಿಳಿಯುತ್ತದೆ, ಅವರದು ನನಗೆ ಮುಕ್ಕಾಲು. ಇವತ್ತು ರಜೆ. ಊಟದ ನಂತರ ಅವರು ಸಂಕೋಚಪಡುತ್ತಲೇ ಕೇಳಿದರು: “ಸಾರ್, ನನ್ನ ಹೆಸರು ಬರೆಯಲಿಕ್ಕೆ ಕಲಿಸ್ತೀರಾ? ಸಂಬಳದ ದಿವಸ ಹೆಬ್ಬೆಟ್ಟು ಒತ್ತುವಾಗ ಮಕ್ಕಳ ಪ್ರಾಯದವರೆಲ್ಲ ನಗ್ತಾರೆ.”

ಮೂರೇ ಅಕ್ಷರ. ಸಂಜೆಯೊಳಗೆ ‘ಅಂ’ ಬಂತು. ‘ಗಾ’ ಇನ್ನೂ ಮಗುಚಿ ಬೀಳುತ್ತದೆ.

9 ಅಕ್ಟೋಬರ್, ಸೋಮವಾರ

ಈ ವರ್ಷದ ಕೊನೆಯ ಗೊಬ್ಬರ ಇವತ್ತು ಹಾಕಿದೆವು. ಬರೀ ಪೊಟ್ಯಾಶ್. ಇದು ಚಿಗುರಿಸುವ ಗೊಬ್ಬರವಲ್ಲ, ಇರುವ ಕಡ್ಡಿಯನ್ನು ಗಟ್ಟಿ ಮಾಡುವಂಥದ್ದು.

ಡಿಪ್ಲೊಮಾದಲ್ಲಿ ಓದಿದ್ದು ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬರುತ್ತಿದೆ. ನೆಲದ ಗಿಡ ಹಸಿದರೆ ಬೇರು ಚಾಚಿ ಎಲ್ಲಿಂದಲಾದರೂ ತಂದು ತಿನ್ನುತ್ತದೆ. ಕುಂಡದ ಗಿಡಕ್ಕೆ ನಾವು ಕೊಟ್ಟಷ್ಟೇ. ಕೊಟ್ಟದ್ದರಲ್ಲೂ ಅರ್ಧ ನೀರಿನೊಡನೆ ತಳದ ತೂತಿನಿಂದ ಹರಿದುಹೋಗುತ್ತದೆ. ಹಾಗಾಗಿ ಬೇಸಿಗೆಯೆಲ್ಲ ಸ್ವಲ್ಪ ಸ್ವಲ್ಪವೇ ಕೊಡುತ್ತಿರಬೇಕು. ಚಳಿ ಹತ್ತಿರ ಬಂದಾಗ ಮಾತ್ರ ಕೈ ಬಿಗಿಹಿಡಿಯಬೇಕು. ಈಗ ಯೂರಿಯಾದಂಥದ್ದು ಕೊಟ್ಟರೆ ಗಿಡ ಮೋಸಹೋಗಿ ಚಿಗುರುತ್ತದೆ. ಆ ಎಳೆ ಚಿಗುರಿನ ತುಂಬ ನೀರೇ. ಮಂಜು ಹೆಪ್ಪುಗಟ್ಟುವ ಒಂದು ರಾತ್ರಿ ಸಾಕು, ಒಡೆದು ಕಪ್ಪಾಗುತ್ತದೆ.

ಇದನ್ನೆಲ್ಲ ಅಂಗಾರಣ್ಣನಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿ, “ಮಲಗುವ ಮಗುವಿಗೆ ಬೆಲ್ಲ ಕೊಡಬಾರದು, ಅಷ್ಟೇ ಅಲ್ವಾ ಸಾರ್?” ಎಂದರು. ನಾನು ಕಾಲು ಗಂಟೆ ಹೇಳಿದ್ದನ್ನು ಅವರು ಒಂದು ಉಸಿರಿಗೆ ಮುಗಿಸಿದರು. ನಗು ಬಂತು.

ಊರಿನಲ್ಲಿರುವ ಹೆಂಡತಿ ನೇತ್ರಾಗೆ ಫೋನ್ ಮಾಡಿ ಇದನ್ನೇ ಹೇಳಿದೆ. “ನಿಮ್ಮ ಅಂಗಾರಣ್ಣನ ಮಾತ ಕೇಳಿದ್ರ ನಿಮ್ಮಕಿಂತ ಶಾಣ್ಯಾ ಕಾಣ್ತಾರ ಬಿಡ್ರಿ” ಎಂದಳು. ಮಗಳು ಅಂಜಲಿ ಆರನೇ ಇಯತ್ತೆಗೆ ಬಂದಿದ್ದಾಳೆ. ಒಮಾನಿಗೆ ಬಂದ ಮೇಲೆ ನಾನು ಅವಳೊಡನೆ ಕಳೆದ ತಿಂಗಳುಗಳನ್ನು ಲೆಕ್ಕ ಹಾಕಿದರೆ ಒಂದೂವರೆ ವರ್ಷವೂ ಆಗುವುದಿಲ್ಲ. ಸೂಪರ್‌ವೈಸರ್ ಗ್ರೇಡ್ ಸಿಕ್ಕರೆ ಫ್ಯಾಮಿಲಿ ವೀಸಾ. ಈ ಬೆಟ್ಟದ ಕೆಲಸ ಚೆನ್ನಾಗಿ ನಡೆದರೆ ನೋಡೋಣ ಎಂದು ಮ್ಯಾನೇಜರ್ ಫ್ರೆಡ್ಡಿ ಹೇಳಿದ್ದಾರೆ.

29 ಅಕ್ಟೋಬರ್, ಭಾನುವಾರ

ಫ್ರೆಡ್ಡಿ ಫೋನ್ ಮಾಡಿದ್ದರು. ಅರಬಾಬ್ ನವೆಂಬರ್ ಕೊನೆಗೆ ಅತಿಥಿಗಳನ್ನು ಕರೆತರುತ್ತಾರಂತೆ. ಈದ್ ರಜೆಯಲ್ಲಿ ಒಮ್ಮೆ ಬಂದುಹೋದಾಗ ಗಿಡಗಳು ಮಂಕಾಗಿವೆ ಎಂದು ಅವರಿಗೆ ಅನ್ನಿಸಿದೆ.

“ಬಸವಂತ್, ಯೂರಿಯಾ ಹಾಕಿ. ಹಸಿರು ಕಾಣಬೇಕು.”

“ಸರ್, ಈಗ ಹಾಕಿದ್ರ ಚಿಗುರು ಬರ್ತದ. ಡಿಸೆಂಬರಿನ್ಯಾಗ ಎಲ್ಲಾ ಸುಟ್ಟಹೋಗ್ತದ. ಮಂಕು ಅಲ್ರಿ ಅದು, ಗಿಡ ಮಲಗಾಕ ತಯಾರ ಆಗೇದ.”

“ಮಲಗಿದ ಗಿಡ ನೋಡ್ಲಿಕ್ಕೆ ಅವರು ನೂರೈವತ್ತು ಕಿಲೋಮೀಟರ್ ಬರುದಾ ಮಾರಾಯ್ರೆ? ಡಿಸೆಂಬರಿನದ್ದು ಡಿಸೆಂಬರಿಗೆ. ಎರಡು ಪಾಲು ಹಾಕಿ, ನಾಲ್ಕು ದಿನಕ್ಕೊಮ್ಮೆ. ಖಲಾಸ್.”

ಒಂದು ಸಾಲು ಬರೆದು ಕಳಿಸಿ ಸರ್ ಎಂದೆ. ಅವರು ಜೋರಾಗಿ ನಕ್ಕರು. ಆಮೇಲೆ ದನಿ ತಗ್ಗಿಸಿ ಹೇಳಿದರು: “ಜನವರಿಯಲ್ಲಿ ಗ್ರೇಡಿನ ಲಿಸ್ಟ್ ಹೋಗ್ತದೆ. ನಿಮ್ಮ ಹೆಸರು ಉಂಟು. ಈಗ ತಕರಾರು ಬೇಡ.”

ಹಾಕುವುದಿಲ್ಲ ಎನ್ನಬೇಕಿತ್ತು. ಆಗಲಿ ಸರ್ ಎಂದೆ.

1 ನವೆಂಬರ್, ಬುಧವಾರ

ಹಾಕಿದೆವು. ಬಕೆಟ್ಟಿಗೆ ಒಂದು ಚಮಚದ ಜಾಗದಲ್ಲಿ ಎರಡು. ಅಳತೆಯನ್ನು ನಾನೇ ಮಾಡಿದೆ, ತಪ್ಪಾದರೆ ನನ್ನ ಕೈಯಿಂದಲೇ ಆಗಲಿ ಎಂದು. ಅಂಗಾರಣ್ಣ ಚೊಂಬಿನಿಂದ ಒಂದೊಂದೇ ಕುಂಡಕ್ಕೆ ಹುಯ್ದರು. ಮೊದಲ ಕುಂಡದ ಮುಂದೆ ಸ್ವಲ್ಪ ಹೊತ್ತು ನಿಂತು, “ನಿಜವಾಗಿಯೂ ಹಾಕುವುದಾ ಸಾರ್?” ಎಂದು ಕೇಳಿದ್ದರು.

“ಹಾಕ್ರಿ ಅಣ್ಣ. ಮ್ಯಾಲಿನವ್ರ ಹುಕುಂ.”

ಸಂಜೆ ಹೆಸರು ಬರೆಯಲು ಕೂತಾಗ ಮೂರೂ ಅಕ್ಷರ ಸಾಲಾಗಿ ಬಂದವು. ಬರೆದ ಹಾಳೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು.

19 ನವೆಂಬರ್, ಭಾನುವಾರ

ಚಿಗುರು! ಬಾಕ್ಸ್‌ವುಡ್ ಚೆಂಡುಗಳ ಮೈಮೇಲೆಲ್ಲ ಗಿಳಿಹಸಿರು. ಮುಳ್ಳುಪೊದೆ ಗೇಣುದ್ದ ಕೊಂಬೆ ಚಾಚಿದೆ. ನೋಡಲು ಚೆಂದ ಎನ್ನುವುದನ್ನು ಸುಳ್ಳು ಮಾಡಲಾರೆ.

ಪಕ್ಕದ ಮೆಟ್ಟಿಲುಗದ್ದೆಗಳಲ್ಲಿ ಗುಲಾಬಿ, ದಾಳಿಂಬೆ ಬೆಳೆಯುವ ಮುದುಕ ಸೌದ ಬಂದು ಕುಂಡಗಳ ಸಾಲಿನುದ್ದಕ್ಕೂ ನಡೆದ. ಗುತ್ತಿಗೆ ಕೆಲಸದವರಿಂದ ಕಲಿತ ಹಿಂದಿ ಅವನದು. “ಮೇರಾ ಗುಲಾಬ್ ಸೋ ಗಯಾ. ತುಮ್ಹಾರಾ ಬಚ್ಚಾ ಅಭೀ ಜಾಗ್ತಾ ಹೈ?” ಎಂದ. ತನ್ನ ಗುಲಾಬಿ ಮಲಗಿದೆ, ನಿನ್ನ ಮಗು ಇನ್ನೂ ಎಚ್ಚರವೇ ಎಂದು. ಕಾಫಿಗೆ ಕರೆದೆ. ಕುಡಿಯದೆ ಹೋದ.

30 ನವೆಂಬರ್, ಗುರುವಾರ

ಅರಬಾಬ್ ಬಂದರು. ಹನ್ನೆರಡು ಗಾಡಿ ಜನ. ಅವರಲ್ಲೊಬ್ಬ ಯುರೋಪಿನ ಹೆಂಗಸು ಮುಳ್ಳುಪೊದೆಯ ಹೊಸ ಎಲೆ ಸವರಿ, ನಮ್ಮೂರಿನಲ್ಲೂ ಇಷ್ಟು ಹಸಿರಿರುವುದಿಲ್ಲ ಎಂದಳಂತೆ. ಅರಬಾಬ್ ಫ್ರೆಡ್ಡಿಯ ಬೆನ್ನು ತಟ್ಟಿದರು. ಫ್ರೆಡ್ಡಿ ನನ್ನ ಬೆನ್ನು ತಟ್ಟಿದರು.

ಒಂದು ವೇಳೆ ಈ ವರ್ಷ ಚಳಿ ತಡವಾಗಿ ಬಂದರೆ? ಇಪ್ಪತ್ತು ದಿನ ಸಿಕ್ಕರೂ ಚಿಗುರು ಬಲಿಯುತ್ತದೆ. ಫ್ರೆಡ್ಡಿ ಹೇಳಿದ್ದರಲ್ಲೂ ಅರ್ಥವಿದೆ. ನಾವು ಪುಸ್ತಕ ಓದಿದವರು ಸುಮ್ಮನೆ ಹೆದರುತ್ತೇವೆ.

ಅಂಗಾರಣ್ಣ ಗೋಣಿಚೀಲ ಕತ್ತರಿಸಿ ಕುಂಡಗಳಿಗೆ ಸುತ್ತುತ್ತಿದ್ದಾರೆ. ಕುಂಡದ ಬೇರಿಗೆ ನಾಲ್ಕೂ ಕಡೆಯಿಂದ ಚಳಿ ಹೊಡೆಯುತ್ತದಂತೆ. ಹೀಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ.

22 ಡಿಸೆಂಬರ್, ಶುಕ್ರವಾರ

ನಿನ್ನೆ ಮತ್ತು ಮೊನ್ನೆ ನಲ್ಲಿಯ ನೀರು ಗಾಜಾಯಿತು. ಇವತ್ತು ಬಿಸಿಲೇರಿದ ಮೇಲೆ ಹೊರಗೆ ಹೋಗಿ ನೋಡಿದೆ.

ಎಪ್ಪತ್ತೊಂದು ಕುಂಡ. ಗಿಳಿಹಸಿರೆಲ್ಲ ಬೇಯಿಸಿದ ಸೊಪ್ಪಿನಂತೆ ಜೋತಾಡುತ್ತಿದೆ. ಕೆಲವು ಈಗಾಗಲೇ ಕಪ್ಪು. ಜುನಿಪರ್ ಮಾತ್ರ ಹಾಗೇ ಇದೆ, ಅದು ಯಾರ ಮಾತನ್ನೂ ಕೇಳಿ ಚಿಗುರಿರಲಿಲ್ಲ.

ಅಂಗಾರಣ್ಣ ಒಂದೊಂದು ಕುಂಡದ ಮಣ್ಣಿಗೂ ಬೆರಳಿಟ್ಟು ನೋಡುತ್ತ ಬಂದರು. “ಬೇರು ಉಂಟು ಸಾರ್, ಬೇರು ಸಾಯಲಿಲ್ಲ” ಎಂದು ಎಪ್ಪತ್ತೊಂದು ಸಲವೂ ಹೇಳಿದರೇನೋ. ಸುಮ್ಮನಿರಿ ಎಂದು ಕೂಗಿಬಿಟ್ಟೆ.

24 ಡಿಸೆಂಬರ್, ಭಾನುವಾರ

ಅರಬಾಬರ ಮಗ ಮೊನ್ನೆ ಸಂಜೆ ಬಂದು ಫೋಟೊ ತೆಗೆದುಕೊಂಡು ಹೋಗಿದ್ದ. ಇವತ್ತು ಫ್ರೆಡ್ಡಿ ತಾವೇ ಗಾಡಿ ಓಡಿಸಿಕೊಂಡು ಬಂದರು. ಕ್ರಿಸ್ಮಸ್ಸಿನ ಹಿಂದಿನ ದಿನ. ಹೆಂಡತಿ ಶಾಲೆಟ್ ಬಾಯಿ ಮಕ್ಕಳೊಡನೆ ಚರ್ಚಿನ ಪೂಜೆಗೆ ಕಾಯುತ್ತಿದ್ದಾರೆಂದು ಗಡಿಯಾರ ನೋಡುತ್ತಲೇ ಇದ್ದರು.

“ಅರಬಾಬ್ ಒಂದು ಹೆಸರು ಕೇಳ್ತಿದ್ದಾರೆ” ಎಂದರು.

“ಹೇಳಿದವ್ರು ನೀವು, ಸರ್.”

“ನಾನು ಹೇಳಿದ್ದು ಫೋನಿನಲ್ಲಿ. ನಾನು ಹೋದ್ರೆ ಈ ಕಾಂಟ್ರ್ಯಾಕ್ಟೇ ಹೋಗ್ತದೆ, ನೀವೂ ಹೋಗ್ತೀರಿ, ನಲವತ್ತು ಜನ ಹೋಗ್ತಾರೆ. ನಿಮ್ಮ ಹೆಸರು ಕೊಟ್ರೆ ನಿಮ್ಮ ಗ್ರೇಡ್ ಹೋಗ್ತದೆ. ಕೈಯಲ್ಲಿ ಹುಯ್ದದ್ದು ಯಾರು?”

ನಾನು ಕುಂಡಗಳ ಸಾಲಿನ ಕಡೆ ತಿರುಗಿದೆ.

“ಎರಡು ಪಾಲು ಹಾಕಿದ್ದು ಯಾರು ಅಂತ ನಾನು ಕೇಳಿದ್ದಲ್ಲ. ಹುಯ್ದದ್ದು ಯಾರು ಅಂತ ಕೇಳಿದ್ದು. ನನಗೂ ಹೆಂಡತಿ ಮಕ್ಕಳು ಉಂಟು, ಬಸವಂತ್. ಮಂಗಳವಾರದೊಳಗೆ ರಿಪೋರ್ಟ್ ಕೊಡಿ.”

ಹೋಗುವಾಗ ಒಂದು ಡಬ್ಬಿ ಕುಸ್ವಾರ್ ಕೊಟ್ಟರು. ಮನೆಯಲ್ಲಿ ಮಾಡಿದ ಹಬ್ಬದ ತಿಂಡಿ. ಅಂಗಾರನಿಗೆ ಅರ್ಧ ಕೊಟ್ಟೆ.

26 ಡಿಸೆಂಬರ್, ಮಂಗಳವಾರ

ಯೋಚಿಸಿ ನೋಡಿದರೆ, ನಾನು ಅಳೆದುಕೊಟ್ಟದ್ದು ನಿಜವಾದರೂ ನವೆಂಬರಿನಲ್ಲಿ ಏಳು ಸಲ ಗೊಬ್ಬರ ಹೋಗಿದೆ. ಏಳು ಸಲವೂ ನಾನು ಪಕ್ಕದಲ್ಲಿ ನಿಂತಿದ್ದೆನೆ? ಒಮ್ಮೆ ನಿಜ್ವಾಕ್ಕೆ ಸಾಮಾನು ತರಲು ಹೋಗಿದ್ದೆ. ಆ ದಿನ ಅಂಗಾರ ಎಷ್ಟು ಚಮಚ ಹಾಕಿದನೋ ನನಗೆ ಗೊತ್ತಿಲ್ಲ. ಓದು ಬಾರದವನು. ಚಮಚ ತುಂಬಿಸುವುದರಲ್ಲೂ ವ್ಯತ್ಯಾಸವಾಗುತ್ತದೆ.

ಇಂಗ್ಲಿಷಿನಲ್ಲಿ ಒಂದು ಪುಟ ಬರೆದೆ. ಕೆಲಸಗಾರನು ಹೇಳಿದ ಪ್ರಮಾಣಕ್ಕಿಂತ ಎರಡು ಪಾಲು ಹಾಕಿದ್ದನ್ನು ಒಪ್ಪಿಕೊಂಡಿದ್ದಾನೆ ಎಂದು ಕೊನೆಯ ಸಾಲು. ಇದು ಫ್ರೆಡ್ಡಿ ಫೋನಿನಲ್ಲಿ ಹೇಳಿದ ಸಾಲು, ನನ್ನದಲ್ಲ.

ಅಂಗಾರ ಗೋಣಿಯ ಮೇಲೆ ಇನ್ನೊಂದು ಗೋಣಿ ಹೊಲಿಯುತ್ತಿದ್ದ.

“ಇದು ಎಂತ ಸಾರ್?”

“ಆಫೀಸಿಂದು. ಗಿಡ ಸುಟ್ಟಾವಂತ ಬರದೀನಿ. ನೀ ನೋಡಿದಿ ಅಂತ ಒಂದ್ ಸಹಿ.”

ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕಾಗದವನ್ನು ಮೊಣಕಾಲಿನ ಮೇಲಿಟ್ಟು, ನಾಲಿಗೆ ಕಚ್ಚಿ ನಿಧಾನವಾಗಿ ಬರೆದ. ‘ರ’ ಬರೆದು ಮುಗಿಸಿದ ಮೇಲೆ ಹೇಗುಂಟು ಎಂಬಂತೆ ನನ್ನ ಮುಖ ನೋಡಿದ. ಚೊಲೊ ಬಂದೈತಿ ಎಂದೆ.

ಬಹಳ ಮಾಡಿದರೆ ಬೇರೆ ಸೈಟಿಗೆ ಹಾಕಿಯಾರು. ಕೆಳಗೆ ಅವನಿಗೆ ಇಷ್ಟು ಚಳಿಯೂ ಇರುವುದಿಲ್ಲ.

3 ಜನವರಿ 2007, ಬುಧವಾರ

ಬೇರೆ ಸೈಟಿಗಲ್ಲ. ಅಂಗಾರನ ವೀಸಾ ರದ್ದು, ಶನಿವಾರದ ವಿಮಾನ. ಅರಬಾಬ್ ಅಷ್ಟಾಗದೆ ಒಪ್ಪಲಿಲ್ಲವಂತೆ. ಫ್ರೆಡ್ಡಿ ಬೆಳಿಗ್ಗೆ ಫೋನಿನಲ್ಲಿ ಅವನಿಗೆ ತುಳುವಿನಲ್ಲಿ ಎಲ್ಲವನ್ನೂ ಹೇಳಿದ್ದಾರೆ. ಎಲ್ಲವನ್ನೂ ಎಂದರೆ ಕಾಗದದಲ್ಲಿ ಇದ್ದದ್ದನ್ನೂ. ಅದನ್ನು ಹೇಳುವ ಅಗತ್ಯವೇನಿತ್ತು?

ನಾನು ಹಿಂದಿನ ಅಂಗಳದಲ್ಲಿದ್ದೆ. ಬಂದು ನಿಂತ.

“ಸಾರ್, ಆ ಪೇಪರಿನಲ್ಲಿ ನಾನೇ ಎರಡು ಪಾಲು ಹಾಕಿದ್ದು ಅಂತ ಉಂಟಂತೆ. ಹೌದಾ?”

“ಆಫೀಸಿನವ್ರು ಹಾಂಗ ಬರಸ್ತಾರ.”

“ಬರೆದದ್ದು ನೀವಲ್ವಾ?”

“ಬರೀಲಿಲ್ಲಂದ್ರ ಇಬ್ಬರೂ ಹೋಗ್ತಿದ್ವಿ.”

“ಹೌದು, ಅದು ಇರಬಹುದು” ಎಂದ. “ಒಂದು ಮಾತು ಮೊದಲೇ ಕೇಳಬಹುದಿತ್ತು ಸಾರ್. ಮಗಳ ನರ್ಸಿಂಗ್ ಇನ್ನು ಒಂದೇ ವರ್ಷ ಉಂಟು. ನೀವು ಬಾಯಿಬಿಟ್ಟು ಕೇಳಿದ್ದರೆ ನಾನು ಎಂತ ಹೇಳ್ತಿದ್ದೆನೋ ನನಗೂ ಗೊತ್ತಿಲ್ಲ. ಆದರೆ ಕೇಳಬಹುದಿತ್ತು.”

ಗಾಡಿಯವನು ಹಾರ್ನ್ ಹೊಡೆದ. ಅಂಗಾರ ಚೀಲ ಹೆಗಲಿಗೇರಿಸಿದವನು, ಎರಡು ಹೆಜ್ಜೆ ಹೋಗಿ ತಿರುಗಿದ.

“ಸುಟ್ಟ ತುದಿ ಈಗ ಕತ್ತರಿಸಬೇಡಿ. ನೋಡ್ಲಿಕ್ಕೆ ಚೆಂದ ಇಲ್ಲ, ಆದರೆ ಕೆಳಗಿನ ಕಡ್ಡಿಗೆ ಅದೇ ಕಂಬಳಿ. ಚಳಿ ಪೂರ್ತಿ ಹೋದ ಮೇಲೆ ಕತ್ತರಿಸಿ. ಅಲ್ಲಿಯವರೆಗೆ ಬರೀ ನೀರು, ಅದೂ ಮಧ್ಯಾಹ್ನಕ್ಕೆ. ಯಾರು ಹೇಳಿದರೂ ಗೊಬ್ಬರ ಬೇಡ.”

ನಮಸ್ಕಾರವನ್ನೂ ಮಾಡದೆ ಹೋದ. ನಾಲ್ಕು ತಿಂಗಳು ಒಂದೇ ಸೂರಿನಡಿ ಉಂಡವರಿಗೆ ಒಂದು ನಮಸ್ಕಾರ ಭಾರವೆ? ಇಡೀ ದಿನ ಅದೇ ಮನಸ್ಸಿನಲ್ಲಿ ಕೊರೆಯುತ್ತಿದೆ.

6 ಜನವರಿ, ಶನಿವಾರ

ನೀರು ಹಾಕಿದೆ. ಅನ್ನ ಹೆಚ್ಚಾಯಿತು, ಇಬ್ಬರ ಅಳತೆಗೆ ಇಟ್ಟುಬಿಟ್ಟಿದ್ದೆ.

19 ಜನವರಿ, ಶುಕ್ರವಾರ

ಕಪ್ಪು ತುದಿಗಳನ್ನು ಕತ್ತರಿಸಿ ಚೊಕ್ಕ ಮಾಡಿ ಎಂದು ಫ್ರೆಡ್ಡಿ ಹೇಳಿದರು. ಈಗ ಬೇಡ ಸರ್, ಕೆಳಗಿನ ಕಡ್ಡಿಗೆ ಅದೇ ಕಂಬಳಿ ಎಂದೆ. “ಪರವಾಗಿಲ್ಲ, ನಿಮಗೆ ವಿಷಯ ಗೊತ್ತುಂಟು” ಎಂದರು. ಸೌದನ ಮನೆಯ ಮುಂದೆ ಹಾದುಹೋದೆ. ಕಂಡರೂ ಕರೆಯಲಿಲ್ಲ. ಈ ಬೆಟ್ಟದ ಜನಕ್ಕೆ ಹೊರಗಿನವರೆಂದರೆ ಅಷ್ಟಕ್ಕಷ್ಟೆ.

16 ಮಾರ್ಚ್, ಶುಕ್ರವಾರ

ಎಪ್ಪತ್ತೊಂದರಲ್ಲಿ ಅರವತ್ತೆಂಟು ಬದುಕಿವೆ! ಹೋದ ತಿಂಗಳ ಕೊನೆಗೆ ತುದಿ ಕತ್ತರಿಸಿ, ನಿಧಾನವಾಗಿ ಕರಗುವ ಗೊಬ್ಬರದ ಕಾಳನ್ನು ಒಂದೊಂದು ಮುಷ್ಟಿ ಹಾಕಿದ್ದೆ. ಹಳೆಯ ಕಡ್ಡಿಯ ಗಿಣ್ಣುಗಿಣ್ಣಿನಲ್ಲಿ ಮೊಗ್ಗು. ಅರಬಾಬ್ ತಾವೇ ಬಂದು ನೋಡಿ ಕೈ ಕುಲುಕಿದರು. ಕಪ್ಪು ತುದಿಯನ್ನು ಚಳಿಯಲ್ಲಿ ಹಾಗೇ ಬಿಟ್ಟದ್ದೇಕೆ ಎಂದು ಕೇಳಿದಾಗ ವಿವರಿಸಿದೆ. ಅನುಭವ ಎಂದರೆ ಇದು ಎಂದು ಮಗನಿಗೆ ಹೇಳಿದರು.

ಗ್ರೇಡ್ ಬಂದಿದೆ. ಬೆಟ್ಟಕ್ಕೆ ತಿಂಗಳಿಗೆ ಎರಡು ಸಲ ಬಂದುಹೋದರೆ ಸಾಕು. ನೇತ್ರಾಗೆ ಹೇಳಿದಾಗ ಅತ್ತುಬಿಟ್ಟಳು.

24 ಆಗಸ್ಟ್, ಶುಕ್ರವಾರ

ಮಸ್ಕತ್ತಿನ ಸೀಬಿನಲ್ಲಿ ಎರಡು ಕೋಣೆಯ ಫ್ಲಾಟ್, ಶಾಲೆಯ ಬಸ್ ಬಾಗಿಲಿಗೇ ಬರುತ್ತದೆ. ಅಂಜಲಿ ಬಂದ ಮೂರೇ ವಾರದಲ್ಲಿ ‘ಓಕೆ ಪಪ್ಪಾ’ ಎನ್ನಲು ಕಲಿತಿದ್ದಾಳೆ. ನೇತ್ರಾ ಊರಿನಿಂದ ತಂದ ರೊಟ್ಟಿ, ಶೇಂಗಾ ಚಟ್ನಿ ಬಡಿಸುತ್ತ ಕೇಳಿದಳು:

“ಅಂಗಾರಣ್ಣನವ್ರನ್ನ ಒಂದಿನ ಊಟಕ್ಕ ಕರೀರಿ. ಫೋನ್ಯಾಗ ಅವ್ರ ಹೆಸರ ಎಷ್ಟ ಸಲ ಕೇಳೀನಿ, ಮಾರಿ ನೋಡಿಲ್ಲ.”

“ಅವ ಊರಿಗೆ ಹೋದ. ಮ್ಯಾಲಿನ ಚಳಿ ಅವಗ ತಡೀಲಿಲ್ಲ.”

“ಅಯ್ಯ ಪಾಪ. ಹೋಗೂ ಮುಂದ ಕೈಯಾಗ ಏನರ ಕೊಟ್ಟ ಕಳಿಸಿದ್ರಿಲ್ಲೊ?”

“ಎಲ್ಲಾ ಕೊಟ್ಟೀನಿ” ಎಂದೆ.

ರೊಟ್ಟಿ ಬಿರುಸಾಗಿತ್ತು. ಪ್ರಯಾಣದಲ್ಲಿ ಹಾಗಾಗುತ್ತದೆ. ನೇತ್ರಾ ಇನ್ನೊಂದು ಹಾಕಲು ಬಂದಳು, ಬೇಡವೆಂದೆ.

2 ನವೆಂಬರ್, ಶುಕ್ರವಾರ

ನಿನ್ನೆ ಬೆಟ್ಟಕ್ಕೆ ಹೋಗಿದ್ದೆ. ಅರಬಾಬ್ ಈ ಸಲವೂ ತಿಂಗಳ ಕೊನೆಗೆ ಅತಿಥಿಗಳನ್ನು ಕರೆತರುತ್ತಾರೆ, ಈ ಸಲವೂ ಹಸಿರು ಬೇಕು. ಒಂದೂವರೆ ಪಾಲು ಸಾಕು ಎಂದು ಫ್ರೆಡ್ಡಿಯೂ ನಾನೂ ಕೂತು ತೀರ್ಮಾನಿಸಿದ್ದೇವೆ. ಹೋದ ವರ್ಷದ ಹಾಗಾಗಬಾರದೆಂದು ನಾನೇ ಒಂದು ರಿಜಿಸ್ಟರ್ ಮಾಡಿಸಿದ್ದೇನೆ. ಯಾವ ಗೊಬ್ಬರ, ಎಷ್ಟು, ಯಾರು ಕಲಸಿದ್ದು, ಕೆಳಗೆ ಕೆಲಸಗಾರನ ಸಹಿ. ಹೊಸಬ ಮುರುಗೇಶನಿಂದ ಇಡೀ ತಿಂಗಳ ಹಾಳೆಗಳಿಗೆ ಮುಂಚಿತವಾಗಿಯೇ ಸಹಿ ಹಾಕಿಸಿಬಿಟ್ಟರೆ ಮತ್ತೆ ಮತ್ತೆ ಬೆಟ್ಟ ಹತ್ತುವ ತಾಪತ್ರಯ ಇರುವುದಿಲ್ಲ.

ಮುರುಗೇಶ ಕೋಲಾರದ ಕಡೆಯವನು, ಮೂವತ್ತರ ಆಸುಪಾಸು. ಪೆನ್ನು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಮೊದಲ ಹಾಳೆ ಹಿಡಿದುಕೊಂಡು ಬಿಸಿಲಿಗೆ ಸರಿದು ನಿಂತು, ಇಂಗ್ಲಿಷಿನಲ್ಲಿ ಇದ್ದದ್ದನ್ನು ತುಟಿಯಲ್ಲೇ ಓದಿದ. ಎರಡನೆಯದನ್ನೂ ಓದಿದ. ಗಾಳಿ ಕೊರೆಯುತ್ತಿತ್ತು. ಅವನು ಮುಗಿಸುವವರೆಗೆ ನಾನು ಕಿಸೆಯಲ್ಲಿ ಕೈಯಿಟ್ಟು ನಿಂತೆ.

“ಇದ್ರಾಗೆ ಎಷ್ಟು ಅನ್ನೋದು ಖಾಲಿ ಬಿಟ್ಟವ್ರೆ ಸಾ.”

“ಆಮ್ಯಾಲೆ ತುಂಬ್ತೀವಿ. ಪದ್ಧತಿ ಅದು.”

“ಹಂಗಾದ್ರೆ ತುಂಬಿದ್ಮೇಲೆ ಹಾಕ್ತೀನಿ ಸಾ. ದಿನಾ ಕಲಸಿದ್ಮೇಲೆ, ನಾನೇ ಅಳ್ದಿದ್ರೆ.”

ಹಾಳೆಗಳನ್ನು ಅಂಚು ಸರಿಮಾಡಿ, ಮರ್ಯಾದೆಯಿಂದಲೇ ನನ್ನ ಕೈಗೆ ಹಿಂದಿರುಗಿಸಿದ.

ಇಂಥವರನ್ನು ಇಟ್ಟುಕೊಂಡು ಕೆಲಸ ಸಾಗುವುದಿಲ್ಲ. ನಾಳೆ ಆಫೀಸಿಗೆ ಕೊಡಲು ಚೀಟಿ ಬರೆದಿಟ್ಟಿದ್ದೇನೆ: ಬೆಟ್ಟಕ್ಕೆ ಬೇರೆ ಆಳು ಬೇಕು, ಸ್ವಲ್ಪ ವಯಸ್ಸಾದವನಾದರೂ ಆದೀತು, ಗಿಡದ ಕೆಲಸ ಬಂದರೆ ಸಾಕು, ಓದುಬರಹ ಬೇಕಿಲ್ಲ.